ಎಂಜಿನ್ ಪಾರ್ಟ್ಸ್‌ಗೆ ಪೌಡರ್ ಕೋಟಿಂಗ್: ಸಿಪ್ಪೆ ಏಳದ ಹಾಗೆ ಮಾಡಿಸುವುದು ಹೇಗೆ

ಪೌಡರ್ ಕೋಟಿಂಗ್ ಅಂದರೆ ಬಣ್ಣದ ಪುಡಿಯನ್ನು ಗನ್‌ನಿಂದ ಲೋಹಕ್ಕೆ ಹೊಡೆದು, ಓವನ್‌ನಲ್ಲಿ ಬೇಯಿಸಿ ಗಟ್ಟಿ ಪದರ ಮಾಡುವುದು. ಮೊದಲ ಸಲ ನನ್ನ ಯೆಜ್ಡಿ ರೋಡ್‌ಕಿಂಗ್ ಬೈಕಿನ ಎಂಜಿನ್‌ಗೆ ಅದನ್ನು ಮಾಡಿಸಿದಾಗ ಅದು ನೆಟ್ಟಗೆ ಒಂದು ಮಳೆಗಾಲ ಬಾಳಲಿಲ್ಲ. ಗಣಪತಿ ಹಬ್ಬದ ಹೊತ್ತಿಗೆ ಕ್ಲಚ್ ಕವರ್‌ನ ಕೆಳಗಿನ ಅಂಚಲ್ಲಿ ಹೆಸರುಕಾಳಿನಷ್ಟು ಒಂದು ಗುಳ್ಳೆ ಕಾಣಿಸಿತು. ಸುಮ್ನಿರಲಾರದೆ ಉಗುರಿನಿಂದ ಕೆರೆದೆ. ಬೆಂದ ಆಲೂಗಡ್ಡೆ ಸಿಪ್ಪೆ ಹೇಗೆ ಬಿಚ್ಚಿಕೊಳ್ಳುತ್ತದೋ ಹಾಗೆ ಬೆರಳಗಲದ ಕಪ್ಪು ಹಾಳೆ ಎದ್ದು ಬಂತು. ಹಿಂಬದಿ ಮುಟ್ಟಿದರೆ ಜಿಡ್ಡು. ಮೈಸೂರಿನಲ್ಲಿ ಈ ಗಾಡಿಗಳನ್ನೇ ಬಿಚ್ಚಿ ಕಟ್ಟುತ್ತಾ ತಲೆ ಬೆಳ್ಳಗಾದ ಮೆಕ್ಯಾನಿಕ್ ಒಬ್ಬರಿದ್ದಾರೆ, ಅವರಿಗೆ ಒಯ್ದು ತೋರಿಸಿದೆ. ಅವರು ಆ ಚಕ್ಕೆಯನ್ನು ಮೂಗಿನ ಹತ್ತಿರ ಹಿಡಿದು ಮೂಸಿ, "ಇದು ಅಲ್ಯೂಮಿನಿಯಂ ಮೇಲೆ ಹಾಕಿದ ಕೋಟಿಂಗ್ ಅಲ್ಲ ಸಾರ್, ಆಯಿಲ್ ಮೇಲೆ ಹಾಕಿದ್ದು" ಅಂದರು.

ಅವರು ಹೇಳಿದ್ದು ಅಕ್ಷರಶಃ ನಿಜ. ಈ ಬೈಕ್ ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಬಾಗಿಲು ಹಾಕಿತು. ಅಂದರೆ ಕಟ್ಟಕಡೆಯ ರೋಡ್‌ಕಿಂಗ್‌ನ ಕ್ರ್ಯಾಂಕ್‌ಕೇಸ್ (ಎಂಜಿನ್‌ನ ಕೆಳಗಿನ ಎರಕದ ಕವಚ) ಕೂಡ ಇಷ್ಟೂ ವರ್ಷ ಆಯಿಲ್ ಕುಡಿದು ಕೂತಿದೆ. ಎರಕ ಹೊಯ್ದ ಅಲ್ಯೂಮಿನಿಯಂ ಕಣ್ಣಿಗೆ ಗಟ್ಟಿಯಾಗಿ ಕಂಡರೂ ಒಳಗೆ ಇಡ್ಲಿ ಥರ ಸಣ್ಣ ಸಣ್ಣ ತೂತು ಇರುತ್ತವೆ. ಆ ತೂತಲ್ಲಿ ಸೇರಿದ ಆಯಿಲ್ ಮೇಲಿಂದ ಎಷ್ಟು ಒರೆಸಿದರೂ ಹೋಗುವುದಿಲ್ಲ. ಓವನ್ ಬಿಸಿಗೆ ಅದು ಹೊರಗೆ ಬರುತ್ತದೆ, ಅಷ್ಟು ಹೊತ್ತಿಗೆ ಮೇಲೆ ಪೌಡರ್ ಕರಗಿ ಮುಚ್ಚಿಕೊಂಡಿರುತ್ತದೆ.

ಈಗಿರುವ ಕೋಟಿಂಗ್ ಎರಡನೇ ಸಲದ್ದು. 6 ವರ್ಷ ಆಯಿತು, ಒಂದೆರಡು ಕಡೆ ಕಲ್ಲೇಟು ಬಿಟ್ಟರೆ ಹಾಗೇ ಇದೆ. ಎರಡೂ ಸಲ ಹಾಕಿದ್ದು ಹೆಚ್ಚುಕಡಿಮೆ ಒಂದೇ ಪೌಡರ್, ಬದಲಾದದ್ದು ಅದರ ಕೆಳಗಿನ ಕೆಲಸ. "ಎಷ್ಟು ವರ್ಷ ಬಾಳುತ್ತದೆ?" ಅಂತ ಕೋಟಿಂಗ್‌ನವರನ್ನು ಕೇಳುವ ಬದಲು "ಹಾಕುವ ಮುಂಚೆ ಏನೇನು ಮಾಡುತ್ತೀರಿ?" ಅಂತ ಕೇಳಿ. ಆ ಪ್ರಶ್ನೆಗೆ ಬರುವ ಉತ್ತರದಲ್ಲೇ ನಿಮಗೆ ಬೇಕಾದದ್ದೆಲ್ಲ ಸಿಕ್ಕಿಬಿಡುತ್ತದೆ. ಏನು ಉತ್ತರ ಬರಬೇಕು ಅನ್ನುವುದನ್ನು ಕೆಳಗೆ ಹೇಳಿದ್ದೇನೆ.

ಯಾವುದಕ್ಕೆ ಹಾಕಿಸಬೇಕು, ಯಾವುದಕ್ಕೆ ಬೇಡ

ಸಾಮಾನ್ಯ ಪಾಲಿಯೆಸ್ಟರ್ ಪೌಡರ್ ಸುಮಾರು 120 ಡಿಗ್ರಿ ಸೆಲ್ಸಿಯಸ್‌ವರೆಗಿನ ಬಿಸಿಯನ್ನು ದಿನಾ ತಡೆಯುತ್ತದೆ. ಅದಕ್ಕಿಂತ ಮೇಲೆ ಹೋಗಿ ಅಲ್ಲೇ ನಿಂತರೆ ಬಿಳಿ ಬಣ್ಣ ಹಳದಿಗೆ ತಿರುಗುತ್ತದೆ, ಕಪ್ಪು ಹೊಳಪು ಕಳೆದುಕೊಳ್ಳುತ್ತದೆ, ಆಮೇಲೆ ಕೋಟಿಂಗ್ ಪೆಡಸಾಗಿ ಬಿರುಕು ಬಿಡುತ್ತದೆ. ಈ ಒಂದು ಲೆಕ್ಕ ತಲೆಯಲ್ಲಿಟ್ಟುಕೊಂಡು ಎಂಜಿನ್ ನೋಡಿ.

ಕ್ಲಚ್ ಕವರ್, ಮ್ಯಾಗ್ನೆಟ್ ಕಡೆಯ ಕವರ್, ಕ್ರ್ಯಾಂಕ್‌ಕೇಸ್‌ನ ಹೊರಮೈ, ಎಂಜಿನ್ ಮೌಂಟಿಂಗ್ ಪ್ಲೇಟು, ಕಾರಾದರೆ ವಾಲ್ವ್ ಕವರ್, ಆಲ್ಟರ್ನೇಟರ್ ಬ್ರಾಕೆಟ್, ಪುಲ್ಲಿ ಗಾರ್ಡ್: ಇವಕ್ಕೆಲ್ಲ ಧೈರ್ಯವಾಗಿ ಹಾಕಿಸಿ. ನೀರಿನಿಂದ ತಣಿಯುವ ಎಂಜಿನ್‌ನಲ್ಲಿ ಕೂಲೆಂಟ್ ಸಾಮಾನ್ಯವಾಗಿ 90ರಿಂದ 105 ಡಿಗ್ರಿ ಒಳಗೇ ಇರುತ್ತದೆ, ಹಾಗಾಗಿ ಹೊರಗಿನ ಪಾರ್ಟ್‌ಗಳಿಗೆ ಕಷ್ಟವಿಲ್ಲ. ಎಕ್ಸಾಸ್ಟ್ ಪಕ್ಕದಲ್ಲೇ ಇರುವವನ್ನು ಮಾತ್ರ ಬಿಡಿ.

ಗಾಳಿಯಿಂದ ತಣಿಯುವ ಬೈಕಿನ ಹೆಡ್ಡು, ಬ್ಲಾಕು? ಇಲ್ಲಿ ನಾನು ಬೇಡ ಅನ್ನುತ್ತೇನೆ. ಪ್ಲಗ್ ಸುತ್ತಮುತ್ತ 150 ಡಿಗ್ರಿ ದಾಟುವುದು ಮಾಮೂಲು. ಚಾರ್ಮಾಡಿ ಘಾಟಿಯಲ್ಲಿ ಹಿಂದೆ ಒಬ್ಬರನ್ನು ಕೂರಿಸಿಕೊಂಡು ಎರಡನೇ ಗೇರಲ್ಲಿ ಹತ್ತಿದರೆ ಇನ್ನೂ ಮೇಲೆ ಹೋಗುತ್ತದೆ. ಅದಲ್ಲದೆ ಬಿಸಿ ಹೊರಗೆ ಹೋಗಲೆಂದು ಅವುಗಳ ಮೇಲಿರುವ ರೆಕ್ಕೆಗಳ, ಅಂದರೆ ಫಿನ್‌ಗಳ ನಡುವಿನ ಸಂದಿಗೆ ಪೌಡರ್ ಸರಿಯಾಗಿ ಇಳಿಯುವುದೂ ಇಲ್ಲ. ಗನ್‌ನಿಂದ ಬರುವ ಪುಡಿಗೆ ವಿದ್ಯುತ್ ಚಾರ್ಜ್ ಇರುತ್ತದೆ, ಅದು ಹತ್ತಿರದ ಅಂಚನ್ನೇ ಹುಡುಕಿಕೊಂಡು ಹೋಗಿ ಕೂರುತ್ತದೆ. ಫಿನ್ ತುದಿಯಲ್ಲಿ ದಪ್ಪ, ಬುಡದಲ್ಲಿ ಬೋಳು. ಬುಡಕ್ಕೂ ಬೀಳಲಿ ಅಂತ ಮತ್ತೆ ಮತ್ತೆ ಹೊಡೆದರೆ ತುದಿಯಲ್ಲಿ ಇನ್ನೂ ದಪ್ಪವಾಗುತ್ತದೆ. ಬ್ಲಾಕು ಕಪ್ಪಗೆ ಇರಲೇಬೇಕು ಅಂದರೆ ಬಿಸಿ ತಡೆಯುವ ಸಿಲಿಕೋನ್ ಪೇಂಟನ್ನು ತೆಳುವಾಗಿ ಎರಡು ಕೈ ಹೊಡೆಸಿ. ಕೆಟ್ಟರೆ ಮನೆಯಲ್ಲೇ ಮತ್ತೆ ಹೊಡೆಯಬಹುದು.

"ಕೋಟಿಂಗ್ ಹಾಕಿದರೆ ಎಂಜಿನ್ ಬಿಸಿ ಜಾಸ್ತಿ ಆಗಲ್ವಾ?" ಅಂತ ತುಂಬಾ ಜನ ಕೇಳುತ್ತಾರೆ. ಕವರ್ ಮೇಲೆ 60-80 ಮೈಕ್ರಾನ್ (ಮಿಲಿಮೀಟರ್‌ನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್) ಪದರ ಇದ್ದರೆ ಆಗುವ ವ್ಯತ್ಯಾಸ ಗೊತ್ತೂ ಆಗುವುದಿಲ್ಲ. ಕಪ್ಪು ಮೈ ಬಿಸಿಯನ್ನು ಹೊರಗೆ ಸೂಸುವುದರಲ್ಲಿ ಬಫಿಂಗ್ ಮಾಡಿದ ಅಲ್ಯೂಮಿನಿಯಂಗಿಂತ ಎಷ್ಟೋ ಮುಂದು. ಆದರೆ ಫಿನ್ ಸಂದಿ ಮುಚ್ಚುವಷ್ಟು ದಪ್ಪ ಬಳಿದರೆ ಗಾಳಿ ಆಡುವುದು ಕಡಿಮೆಯಾಗುತ್ತದೆ, ಆಗ ಆ ಭಯ ಸರಿಯೇ.

ಬೆಂಡ್ ಪೈಪ್, ಸೈಲೆನ್ಸರ್ ಮಾತೇ ಬೇಡ. ಪೋರ್ಟ್ ಹತ್ತಿರ ಪೈಪಿನ ಮೈ 300 ಡಿಗ್ರಿ ದಾಟುತ್ತದೆ, ಸಾಮಾನ್ಯ ಪೌಡರ್ ಮೊದಲ ಸುತ್ತಿನಲ್ಲೇ ಹೊಗೆಯಾಡುತ್ತದೆ. ಅದಕ್ಕೆಂದೇ ಸಿಲಿಕೋನ್ ಬೆರೆತ ಹೈ-ಟೆಂಪ್ ಪೌಡರ್ ಬರುತ್ತದೆ, ಬಣ್ಣ ಹೆಚ್ಚಾಗಿ ಕಪ್ಪು, ಬೂದು, ಬೆಳ್ಳಿ ಅಷ್ಟೆ. ಅದಕ್ಕೆ ಬೇಯಿಸುವ ಬಿಸಿಯೂ ಜಾಸ್ತಿ ಬೇಕು. ಗೇಟು, ಕಿಟಕಿ ಗ್ರಿಲ್ ಮಾಡುವ ಅಂಗಡಿಯ ಓವನ್ ಅಷ್ಟಕ್ಕೆ ಏರುತ್ತದಾ ಅಂತ ಮೊದಲೇ ಕೇಳಿಕೊಳ್ಳಿ. ಇನ್ನೊಂದು ಮಾತು, ಕ್ರೋಮ್ ಮೇಲೆ ನೇರವಾಗಿ ಹಾಕಿಸಬೇಡಿ. ಅಷ್ಟು ನುಣುಪಾದ ಮೈಯಲ್ಲಿ ಪೌಡರ್‌ಗೆ ಹಿಡಿತ ಸಿಗುವುದಿಲ್ಲ.

ಎಂಜಿನ್ ಒಳಮೈಗೆ ಯಾವತ್ತೂ ಬೇಡ. ಬಿಸಿ ಆಯಿಲ್‌ನಲ್ಲಿ ನೆನೆದು ಒಂದು ಚಕ್ಕೆ ಬಿಟ್ಟರೂ ಸಾಕು, ಅದು ಹೋಗಿ ಆಯಿಲ್ ದಾರಿಯಲ್ಲಿ ಸಿಕ್ಕಿಕೊಳ್ಳುತ್ತದೆ.

ಬಿಚ್ಚುವುದು, ರಿಪೇರಿ, ತೊಳೆಯುವುದು

ಪಾರ್ಟ್ ಓವನ್‌ಗೆ ಹೋಗುತ್ತದೆ, ಅಲ್ಲಿ 200 ಡಿಗ್ರಿ ಇರುತ್ತದೆ. ಹಾಗಾಗಿ ರಬ್ಬರ್, ಪ್ಲಾಸ್ಟಿಕ್, ಗ್ರೀಸ್ ಇರುವುದೆಲ್ಲ ಹೊರಗೆ ಬರಬೇಕು: ಬೇರಿಂಗು, ಆಯಿಲ್ ಸೀಲು, ಓ-ರಿಂಗು, ಹಳೇ ಪ್ಯಾಕಿಂಗ್ ತುಣುಕು, ಅದರ ಜೊತೆ ಬಳಿದ ಗಮ್ ಕೂಡ. ಬುಷ್‌ಗಳನ್ನೂ ನೋಡಿಕೊಳ್ಳಿ. ಅಲ್ಯೂಮಿನಿಯಂ ಬಿಸಿಗೆ ಉಕ್ಕಿಗಿಂತ ಹೆಚ್ಚುಕಡಿಮೆ ಎರಡರಷ್ಟು ಹಿಗ್ಗುತ್ತದೆ, ಟೈಟಾಗಿ ಕೂತಿದ್ದ ಬುಷ್ ಓವನ್ ಒಳಗೆ ಸಡಿಲವಾಗಿ ಜಾರಬಹುದು. ಹೊಸ ಬೇರಿಂಗ್ ಕೂರಿಸುವುದು, ಬೋರಿಂಗ್ ಮಾಡಿಸುವುದು ಇಂಥ ಅಳತೆಯ ಕೆಲಸವೆಲ್ಲ ಕೋಟಿಂಗ್ ಆದ ಮೇಲೆ ಇಟ್ಟುಕೊಳ್ಳಿ. ನಾನು ಮೊದಲ ಸಲ ಇದನ್ನು ಉಲ್ಟಾ ಮಾಡಿದ್ದೆ, ಹೊಸ ಬೇರಿಂಗ್ ಹಾಕಿಸಿದ ಕ್ರ್ಯಾಂಕ್‌ಕೇಸ್ ಕೊಟ್ಟುಬಿಟ್ಟಿದ್ದೆ. ಅದರ ಗ್ರೀಸ್ ಓವನ್‌ನಲ್ಲೇ ಕರಗಿ ಹೋಯಿತು, ದುಡ್ಡೂ ಅದರ ಹಿಂದೆ ಹೋಯಿತು.

ಹಳೇ ಗಾಡಿಗಳಲ್ಲಿ ಇನ್ನೊಂದು ಇರುತ್ತದೆ, ಎಂ-ಸೀಲ್ ಅನ್ನುವ ಮೆತ್ತುವ ಅಂಟು. ಚೈನ್ ಕಿತ್ತು ಬಡಿದು ಕ್ರ್ಯಾಂಕ್‌ಕೇಸ್ ಒಡೆದಿರುತ್ತದೆ, ಯಾವುದೋ ಕಾಲದಲ್ಲಿ ಯಾರೋ ಎಂ-ಸೀಲ್ ಮೆತ್ತಿ ಮೇಲೆ ಬೆಳ್ಳಿ ಬಣ್ಣ ಬಳಿದಿರುತ್ತಾರೆ, ನಿಮಗೆ ಗೊತ್ತೇ ಇರುವುದಿಲ್ಲ. ಓವನ್ ಬಿಸಿಗೆ ಅದು ಗುಳ್ಳೆ ಬಂದು ಬಿರುಕು ಬಿಡುತ್ತದೆ. ಚೈನ್ ಸ್ಪ್ರಾಕೆಟ್ ಸುತ್ತ ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ಬಡಿದು ನೋಡಿ. ಲೋಹ ಇದ್ದರೆ ಟಣ್ ಅನ್ನುತ್ತದೆ, ಮೆತ್ತಿದ್ದರೆ ಮಂಕಾದ ಸದ್ದು. ಮೆತ್ತಿದ್ದನ್ನು ಪೂರ್ತಿ ಕೆತ್ತಿ ತೆಗೆದು ಆರ್ಗನ್ ವೆಲ್ಡಿಂಗ್ ಮಾಡಿಸಿ, ಉಜ್ಜಿ ಸಮ ಮಾಡಿಸಿ. ಥ್ರೆಡ್ ಹೋಗಿದ್ದರೆ ಅದನ್ನೂ ಈಗಲೇ ಸರಿ ಮಾಡಿಸಿ.

ಇನ್ನು ತೊಳೆಯುವುದು. ಮೊದಲು ಡೀಸೆಲ್ ಅಥವಾ ಸೀಮೆಎಣ್ಣೆಯಲ್ಲಿ ಹಳೇ ಟೂತ್‌ಬ್ರಷ್ ಹಿಡಿದು ಮಡ್ಡಿ ಬಿಡಿಸಿ. ಬಹಳ ಜನ ಇಲ್ಲಿಗೇ ನಿಲ್ಲಿಸುತ್ತಾರೆ, ಆದರೆ ಡೀಸೆಲ್ ಕೂಡ ಎಣ್ಣೆಯೇ ಅಲ್ವಾ? ಆಮೇಲೆ ಬಿಸಿನೀರು, ಡೀಗ್ರೀಸರ್ ಹಾಕಿ ಎರಡು ಸಲ ಉಜ್ಜಿ, ಸಾಕಷ್ಟು ನೀರಲ್ಲಿ ತೊಳೆಯಿರಿ. ಆಗ ಮೇಲಿಂದ ಒಂದು ಚೊಂಬು ನೀರು ಸುರಿದು ನೋಡಿ. ನೀರು ಹಾಳೆಯಂತೆ ಹರಡಿ ಇಳಿದರೆ ಜಿಡ್ಡು ಹೋಗಿದೆ. ಕೆಸುವಿನ ಎಲೆ ಮೇಲೆ ನಿಂತ ಹಾಗೆ ಹನಿ ಹನಿಯಾಗಿ ನಿಂತರೆ ಮತ್ತೆ ಶುರು ಮಾಡಿ. ಖರ್ಚಿಲ್ಲದ ಈ ಪರೀಕ್ಷೆಯನ್ನು ನಾನು ಈಗ ಎಲ್ಲದಕ್ಕೂ ಮಾಡುತ್ತೇನೆ.

ಈ ಹಂತದಲ್ಲಿ ಅಂಗಡಿಯವರಿಗೆ ಒಂದು ಮಾತು ಒತ್ತಿ ಹೇಳಬೇಕು. ಬೆಂಗಳೂರಿನ ಪೀಣ್ಯ ಕಡೆ ಬಹಳಷ್ಟು ಕೋಟಿಂಗ್ ಶೆಡ್‌ಗಳಲ್ಲಿ ಬರುವ ಕೆಲಸ ಕಬ್ಬಿಣದ್ದು, ರ‍್ಯಾಕು, ಪ್ಯಾನೆಲ್ಲು, ಗ್ರಿಲ್ಲು. ಅದಕ್ಕೆ ಅವರು ಸೆವೆನ್ ಟ್ಯಾಂಕ್ ಪ್ರೊಸೆಸ್ ಅನ್ನುತ್ತಾರೆ: ಜಿಡ್ಡು ತೆಗೆಯುವ ತೊಟ್ಟಿ, ತುಕ್ಕು ತೆಗೆಯುವ ಆಸಿಡ್ ತೊಟ್ಟಿ, ಫಾಸ್ಫೇಟ್ ತೊಟ್ಟಿ, ಕೊನೆಗೆ ಮತ್ತೆ ತುಕ್ಕು ಹಿಡಿಯದ ಹಾಗೆ ಮಾಡುವ ಪ್ಯಾಸಿವೇಶನ್ ತೊಟ್ಟಿ, ನಡುನಡುವೆ ನೀರಿನವು. ಕಬ್ಬಿಣಕ್ಕೆ ಅದು ಬಹಳ ಒಳ್ಳೆಯದು, ಬ್ರಾಕೆಟ್, ಮೌಂಟಿಂಗ್ ಪ್ಲೇಟ್ ಎಲ್ಲ ಖಂಡಿತ ಅದರಲ್ಲಿ ಅದ್ದಿಸಿ. ಆದರೆ ಅಲ್ಯೂಮಿನಿಯಂ ಕ್ರ್ಯಾಂಕ್‌ಕೇಸನ್ನು ಅದೇ ತೊಟ್ಟಿಗೆ ಇಳಿಸಿದರೆ ಕೆಲಸ ಕೆಟ್ಟಿತು. ಜಿಡ್ಡು ತೆಗೆಯುವ ಬಿಸಿ ನೀರಿನಲ್ಲಿ ಕಾಸ್ಟಿಕ್ ಸೋಡಾ ಇದ್ದರೆ ಅಲ್ಯೂಮಿನಿಯಂ ನೊರೆಯಾಡುತ್ತಾ ಕರಗುತ್ತದೆ, ಆಸಿಡ್ ಕೂಡ ಅದನ್ನು ತಿನ್ನುತ್ತದೆ. ಬೇರಿಂಗ್ ಕೂರುವ ಜಾಗ ಒಂದಿಷ್ಟು ತಿಂದುಹೋದರೂ ಆ ಕೇಸು ಗುಜರಿಗೇ. ಅಲ್ಯೂಮಿನಿಯಂಗೆ ಬೇರೆ ಕ್ಲೀನರ್, ಬೇರೆ ಕನ್ವರ್ಶನ್ ಕೋಟಿಂಗ್ (ಪೌಡರ್ ಕಚ್ಚಿಕೊಳ್ಳಲೆಂದು ಮೊದಲೇ ಮಾಡುವ ತೆಳು ಕೆಮಿಕಲ್ ಪದರ) ಇರುತ್ತದೆ. ಅದು ಇಲ್ಲ ಅಂದರೆ ಬ್ಲಾಸ್ಟಿಂಗ್ (ಗಾಳಿಯ ಒತ್ತಡದಲ್ಲಿ ಒರಟು ಪುಡಿ ಹೊಡೆದು ಮೈ ಕೆರೆಯುವುದು) ಮಾಡಿಸಿ ನೇರವಾಗಿ ಪೌಡರ್ ಹಾಕಿಸುವುದೇ ವಾಸಿ.

ಬ್ಲಾಸ್ಟಿಂಗ್ ಅಂದಾಗ ಹೊಳೆ ಮರಳು ಹೊಡೆಯುವವರ ಹತ್ತಿರ ಹೋಗಬೇಡಿ, ಅಲ್ಯೂಮಿನಿಯಂ ಹಳ್ಳ ಬೀಳುತ್ತದೆ. ಆ ಧೂಳು ಹೊಡೆಯುವ ಹುಡುಗನ ಶ್ವಾಸಕೋಶಕ್ಕೂ ಕುತ್ತು. ನಯವಾದ ಅಲ್ಯೂಮಿನಿಯಂ ಆಕ್ಸೈಡ್ ಅನ್ನು ಕಡಿಮೆ ಪ್ರೆಷರ್‌ನಲ್ಲಿ ಹೊಡೆಸಿದರೆ ಪೌಡರ್ ಕಚ್ಚಿಕೊಳ್ಳಲು ಬೇಕಾದ ಒರಟು ಸಿಗುತ್ತದೆ. ಗ್ಲಾಸ್ ಬೀಡ್ ಹೊಡೆದರೆ ನೋಡಲು ಚಂದ, ಆದರೆ ಹಿಡಿತ ಸ್ವಲ್ಪ ಕಡಿಮೆ. ಹಾಗೇ ಬಿಡುವ ಪಾರ್ಟ್‌ಗೆ ಅದು ಸರಿ. ಏನೇ ಹೊಡೆಸಿ, ಮುಂಚೆ ಆಯಿಲ್ ದಾರಿ, ಬೇರಿಂಗ್ ಜಾಗ ಎಲ್ಲ ಗಟ್ಟಿಯಾಗಿ ಮುಚ್ಚಿ, ಆಮೇಲೆ ಕಂಪ್ರೆಸರ್ ಗಾಳಿ, ನೀರು ಎರಡರಿಂದಲೂ ತೊಳೆಯಿರಿ. ಬ್ಲಾಸ್ಟಿಂಗ್ ಪುಡಿ ಒಂದು ಚಿಟಿಕೆ ಒಳಗೆ ಉಳಿದರೆ ಹೊಸ ಬೇರಿಂಗ್ ಕೆಡಲು ಬಹಳ ದಿನ ಬೇಡ.

ಒಂದು ಸಲ ಖಾಲಿ ಬೇಯಿಸಿ

ಇದೇ ನಾನು ಮೊದಲ ಸಲ ತಪ್ಪಿಸಿಕೊಂಡ ಹೆಜ್ಜೆ. ಪೌಡರ್ ಹಾಕುವ ಮುಂಚೆ ಪಾರ್ಟನ್ನು ಬೋಳಾಗಿಯೇ ಓವನ್‌ನಲ್ಲಿ ಇಡಬೇಕು, ಕ್ಯೂರಿಂಗ್ ಬಿಸಿಗಿಂತ, ಅಂದರೆ ಪೌಡರ್ ಬೇಯಿಸುವ ಬಿಸಿಗಿಂತ 10-20 ಡಿಗ್ರಿ ಮೇಲೆ, ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ಆಗ ಒಳಗಿನ ಆಯಿಲ್, ಗಾಳಿ, ತೇವ ಎಲ್ಲ ಮೊದಲೇ ಹೊರಗೆ ಬಂದುಬಿಡುತ್ತವೆ.

ಎರಡನೇ ಸಲ ನಾನು ಅಂಗಡಿಯಲ್ಲೇ ನಿಂತು ನೋಡಿದೆ. ಬ್ಲಾಸ್ಟಿಂಗ್ ಆಗಿ ಬೂದಿ ಬಣ್ಣಕ್ಕೆ ತಿರುಗಿ, ಹೊಸದಾಗಿ ಎರಕ ಹೊಯ್ದ ಹಾಗೆ ಕಾಣುತ್ತಿದ್ದ ಕ್ರ್ಯಾಂಕ್‌ಕೇಸ್ ಅದು, ಅದರಲ್ಲಿ ಎಣ್ಣೆ ಇದೆ ಅಂದರೆ ಯಾರೂ ನಂಬುತ್ತಿರಲಿಲ್ಲ. ಓವನ್ ಬಾಗಿಲು ತೆಗೆದಾಗ ಸುಟ್ಟ ಟೂ-ಸ್ಟ್ರೋಕ್ ಆಯಿಲ್ ವಾಸನೆ ಗಪ್ಪಂತ ಬಂತು. ಗೇರ್‌ಬಾಕ್ಸ್ ಕೆಳಭಾಗದಲ್ಲಿ ಕಾಫಿ ಕಲೆಯ ಥರ ಕಂದು ಮಚ್ಚೆಗಳು ಎದ್ದಿದ್ದವು, ಒಂದು ಕಡೆ ಕಪ್ಪಗೆ ತೊಟ್ಟಿಕ್ಕಿ ಒಣಗಿತ್ತು. ತಣ್ಣಗಾದ ಮೇಲೆ ಥಿನ್ನರ್‌ನಲ್ಲಿ ಒರೆಸಿ, ಮಚ್ಚೆ ಇದ್ದ ಕಡೆ ಮತ್ತೆ ಲಘುವಾಗಿ ಬ್ಲಾಸ್ಟ್ ಮಾಡಿ, ಇನ್ನೊಂದು ಸಲ ಬೇಯಿಸಿದರು. ಆಗ ಮಚ್ಚೆ ಏಳಲಿಲ್ಲ. ಎರಡು ಸುತ್ತಿನ ಓವನ್ ಚಾರ್ಜ್ ಬೇರೆ ಕೊಟ್ಟೆ, ಬೇಜಾರಿಲ್ಲ. ಅಂಗಡಿಯವರು ಕರೆಂಟ್ ಖರ್ಚು ಅಂತ ಇದನ್ನು ಬಿಡಲು ನೋಡುತ್ತಾರೆ, ನೀವೇ ಮುಂದಾಗಿ "ಅದಕ್ಕೆ ಬೇರೆ ದುಡ್ಡು ಕೊಡುತ್ತೇನೆ" ಅಂದುಬಿಡಿ.

ಪೆಟ್ರೋಲಲ್ಲಿ ತೊಳೆದ ಪಾರ್ಟನ್ನು ಒಣಗಿಸದೆ ಓವನ್‌ಗೆ ಇಡಬೇಡಿ. ಯಾಕೆ ಅಂತ ಹೇಳಬೇಕಾಗಿಲ್ಲ. ಮನೆಯ ಓವನ್‌ನಲ್ಲಿ ಬೇಯಿಸುವ ವಿಡಿಯೊ ನೋಡಿ ಆಸೆ ಪಟ್ಟವರಿಗೆ ಒಂದೇ ಮಾತು, ಆ ಓವನ್‌ನಲ್ಲಿ ಮತ್ತೆ ಕೇಕ್ ಮಾಡುವ ಹಾಗಿಲ್ಲ.

ಮುಚ್ಚುವ ಕೆಲಸ

60-80 ಮೈಕ್ರಾನ್ ಅಂದರೆ ಕೂದಲೆಳೆಯಷ್ಟು ದಪ್ಪ. ನೋಡಲು ಏನೂ ಅಲ್ಲ, ಆದರೆ ಬೇರಿಂಗ್ ಕೂರುವ ಜಾಗದ ಅಳತೆ ಲೆಕ್ಕ ಹಾಕುವುದು ಅದಕ್ಕಿಂತ ಸಣ್ಣದರಲ್ಲಿ. ಅಲ್ಲಿ ಪೌಡರ್ ಬಿದ್ದರೆ ಬೇರಿಂಗ್ ಕೂರುವುದಿಲ್ಲ, ಕೆರೆದು ಕೂರಿಸಿದರೆ ನೆಟ್ಟಗೆ ಕೂರುವುದಿಲ್ಲ. ಹಾಗಾಗಿ ಮುಚ್ಚಬೇಕಾದ ಜಾಗಗಳನ್ನು ನೀವೇ ಗುರುತು ಮಾಡಿ ಕೊಡಿ. ಕೋಟಿಂಗ್ ಹುಡುಗರಿಗೆ ಎಂಜಿನ್ ಗೊತ್ತಿರಬೇಕು ಅಂತೇನಿಲ್ಲ, ನಿನ್ನೆ ಅವರು ಹಾಸ್ಟೆಲ್ ಮಂಚಕ್ಕೆ ಹೊಡೆದಿರುತ್ತಾರೆ. ನಾನು ನಾಲ್ಕು ಕಡೆಯಿಂದ ಫೋಟೊ ತೆಗೆದು, ಮುಚ್ಚಬೇಕಾದಲ್ಲೆಲ್ಲ ಕೆಂಪು ಗುರುತು ಹಾಕಿ, ಪ್ರಿಂಟ್ ತೆಗೆಸಿ ಪಾರ್ಟ್ ಜೊತೆ ಕಟ್ಟಿ ಕೊಟ್ಟೆ.

ಬೇರಿಂಗ್ ಮತ್ತು ಸೀಲ್ ಕೂರುವ ಜಾಗ, ಪ್ಯಾಕಿಂಗ್ ಕೂರುವ ಮಟ್ಟಸ ಮೈ, ಎಲ್ಲ ಥ್ರೆಡ್ಡು, ಡೌಯಲ್ (ಎರಡು ಭಾಗ ನೇರ ಕೂರಲು ಹಾಕುವ ಪಿನ್) ತೂತು, ಅರ್ತ್ ವೈರ್ ಬರುವ ಜಾಗ ಎಲ್ಲ ಮುಚ್ಚಬೇಕು. ಅರ್ತ್ ಜಾಗ ಮರೆತರೆ ಕರೆಂಟ್ ಹರಿಯುವುದಿಲ್ಲ. ಇಗ್ನಿಷನ್ ಅರ್ತ್ ಅಲ್ಲಿಂದಲೇ ಇದ್ದರೆ ಗಾಡಿ ಕಿಕ್ ಹೊಡೆದು ಹೊಡೆದು ಕಾಲು ಬೀಳುತ್ತದೆ, ಸ್ಪಾರ್ಕ್ ಮಾತ್ರ ಇಲ್ಲ. ಥ್ರೆಡ್‌ಗೆ ಸಿಲಿಕೋನ್ ಪ್ಲಗ್ ಸಿಗುತ್ತದೆ, ಇಲ್ಲದಿದ್ದರೆ ಹಳೇ ಬೋಲ್ಟನ್ನೇ ತಿರುಗಿಸಿ ಬಿಡಿ. ಮಟ್ಟಸ ಮೈಗೆ ಬಿಸಿ ತಡೆಯುವ ಹಸಿರು ಪಾಲಿಯೆಸ್ಟರ್ ಟೇಪ್ ಹಾಕಿಸಿ. ಪೇಂಟರ್‌ಗಳ ಕಾಗದದ ಟೇಪ್ ಓವನ್‌ನಲ್ಲಿ ಕರಕಲಾಗಿ ಅಂಟು ಅಲ್ಲೇ ಉಳಿಯುತ್ತದೆ.

ಬೋಲ್ಟ್ ತಲೆ ಅಥವಾ ವಾಷರ್ ಕೂರುವ ಜಾಗದ ವಿಷಯವನ್ನು ಯಾರೂ ಹೇಳುವುದಿಲ್ಲ, ನಾನು ಕೆಟ್ಟು ಕಲಿತೆ. ಎಂಜಿನ್ ಮೌಂಟಿಂಗ್ ಬೋಲ್ಟ್ ಕೆಳಗೆ ಪೌಡರ್ ಇದ್ದರೆ ಬಿಗಿದಾಗ ಗಟ್ಟಿಯಾಗಿಯೇ ಅನ್ನಿಸುತ್ತದೆ. ಆಮೇಲೆ ಬಿಸಿಗೆ, ಅದುರಿಕೆಗೆ ಆ ಪದರ ಒತ್ತಿ ಒತ್ತಿ ತೆಳುವಾಗುತ್ತದೆ, ಬೋಲ್ಟ್ ತಾನಾಗಿ ಸಡಿಲ. ಜೊತೆಗೆ ವಾಷರ್ ತಿರುಗಿದಾಗ ಅಂಚಲ್ಲಿ ಕೋಟಿಂಗ್ ಹರಿಯುತ್ತದೆ, ನೀರು ಒಳಗೆ ಇಳಿಯಲು ಅದೇ ಬಾಗಿಲು. ವಾಷರ್ ಅಳತೆಗೆ ಟೇಪನ್ನು ದುಂಡಗೆ ಕತ್ತರಿಸಿ ಅಂಟಿಸಿ, ಜೋಡಿಸಿ 100 ಕಿಲೋಮೀಟರ್ ಓಡಿಸಿದ ಮೇಲೆ ಎಲ್ಲ ಬೋಲ್ಟ್ ಇನ್ನೊಮ್ಮೆ ಬಿಗಿ ನೋಡಿ.

ಟೇಪ್ ಕೀಳುವಾಗ ಹಾಗೇ ಎಳೆಯಬೇಡಿ, ಪಕ್ಕದ ಕೋಟಿಂಗೂ ಹರಿದು ಬರುತ್ತದೆ. ಅಂಚಿನುದ್ದಕ್ಕೂ ಹೊಸ ಬ್ಲೇಡ್ ಆಡಿಸಿ ಆಮೇಲೆ ಎತ್ತಿ.

ಪೌಡರ್, ಗನ್, ಓವನ್

ಯಾವ ಪೌಡರ್? ಬಿಸಿಲು ಬೀಳುವ ಬೈಕ್ ಎಂಜಿನ್‌ಗೆ ಪಾಲಿಯೆಸ್ಟರ್. ಎಪಾಕ್ಸಿ ಪೌಡರ್ ಲೋಹವನ್ನು ಚೆನ್ನಾಗಿ ಕಚ್ಚುತ್ತದೆ, ಕೆಮಿಕಲ್ ತಡೆಯುತ್ತದೆ, ಆದರೆ ಬಿಸಿಲಿಗೆ ಸುಣ್ಣದ ಥರ ಬೆಳ್ಳಗೆ ಪುಡಿಯೇಳುತ್ತದೆ. ಮಂಗಳೂರು, ಕಾರವಾರದ ಉಪ್ಪುಗಾಳಿಯಲ್ಲಿ ಓಡುವ ಗಾಡಿಗೆ ಕೆಳಗೆ ಎಪಾಕ್ಸಿ ಪ್ರೈಮರ್, ಮೇಲೆ ಪಾಲಿಯೆಸ್ಟರ್ ಹಾಕಿಸಿದರೆ ಒಳ್ಳೆಯದು. ಬೆಳ್ಳಿ ಬಣ್ಣ ಬೇಕು ಅಂದರೆ ಮೇಲೆ ಕ್ಲಿಯರ್ ಕೋಟ್ ಬೇಕೇ ಅಂತ ಕೇಳಿ. ಕ್ಲಿಯರ್ ಇಲ್ಲದ ಮೆಟಾಲಿಕ್ ಪೌಡರ್ ಬೆರಳು ತಾಗಿದಲ್ಲೆಲ್ಲ ಕಪ್ಪಾಗುತ್ತದೆ. ನನ್ನನ್ನು ಕೇಳಿದರೆ ಯೆಜ್ಡಿ ಕವರ್‌ಗೆ ಬೆಳ್ಳಿ ಪೌಡರ್ ಬೇಡವೇ ಬೇಡ. ಬಫಿಂಗ್ ಮಾಡಿದ ಅಲ್ಯೂಮಿನಿಯಂ ಹೊಳಪೇ ಬೇರೆ, ಅದರ ಪಕ್ಕ ಇದು ಸಂತೆಯಲ್ಲಿ ಸಿಗುವ ಆಟಿಕೆ ಥರ ಕಾಣುತ್ತದೆ. ಹಳೇ ಗಾಡಿ ಹಾಗೇ ಇರಬೇಕು ಅನ್ನುವವರು ಕಪ್ಪನ್ನೂ ಒಪ್ಪುವುದಿಲ್ಲ, ಅದು ಬೇರೆ ಜಗಳ.

ಪೌಡರ್ ಡಬ್ಬದಲ್ಲಿ ಗಂಟು ಕಟ್ಟಿದ್ದರೆ ತೇವ ಕುಡಿದಿದೆ ಅಂತ ಅರ್ಥ, ಅದು ಬೇಡ. ಪಾರ್ಟ್ ತೂಗುಹಾಕುವ ಕೊಕ್ಕೆ ನೋಡಿ. ಹಳೇ ಪೌಡರ್ ಪದರ ಪದರವಾಗಿ ಮೆತ್ತಿಕೊಂಡು ಬೆರಳು ದಪ್ಪ ಆಗಿದ್ದರೆ ಅರ್ತಿಂಗ್ ಸಿಗುವುದಿಲ್ಲ, ಮೂಲೆಗಳಿಗೆ ಪೌಡರ್ ಹಿಡಿಯುವುದಿಲ್ಲ. ಕೊಕ್ಕೆ ತಾಗುವ ಜಾಗವನ್ನಾದರೂ ಉಜ್ಜಿ ಲೋಹ ಕಾಣಿಸಬೇಕು. ಬ್ಲಾಸ್ಟಿಂಗ್ ಆದ ಪಾರ್ಟನ್ನು ಬರಿಗೈಯಲ್ಲಿ ಹಿಡಿಯಲು ಬಿಡಬೇಡಿ, ಬೆಳಿಗ್ಗೆ ಬ್ಲಾಸ್ಟ್ ಆದದ್ದಕ್ಕೆ ಅವತ್ತೇ ಪೌಡರ್ ಬೀಳಬೇಕು. ಮಳೆಗಾಲದಲ್ಲಿ ಬ್ಲಾಸ್ಟ್ ಆದ ಕಬ್ಬಿಣ ಸಂಜೆಯೊಳಗೇ ಕೆಂಪಾಗುತ್ತದೆ.

ಈಗ ಓವನ್. ಪೌಡರ್ ಚೀಲದ ಮೇಲೆ "200 ಡಿಗ್ರಿ, 10 ನಿಮಿಷ" ಅಂತ ಬರೆದಿದ್ದರೆ ಅದು ಲೋಹದ ಬಿಸಿಯ ಲೆಕ್ಕ, ಓವನ್ ಗಾಳಿಯದ್ದಲ್ಲ. ಒಲೆ ಹಚ್ಚಿದ ತಕ್ಷಣ ಕಾವಲಿ ಮೇಲೆ ದೋಸೆ ಹುಯ್ಯುತ್ತೀರಾ? ಕಾವಲಿ ಕಾಯಬೇಕು. ಗ್ರಿಲ್‌ನ ತೆಳು ಪಟ್ಟಿ ಬೇಗ ಕಾಯುತ್ತದೆ, ಕೈತುಂಬ ತೂಕದ ಕ್ರ್ಯಾಂಕ್‌ಕೇಸ್ ಅದೇ ಬಿಸಿಗೆ ಬರಲು ಅರ್ಧ ಗಂಟೆ ಹಿಡಿದರೂ ಆಶ್ಚರ್ಯ ಇಲ್ಲ. ಎರಡನ್ನೂ ಒಂದೇ ಟ್ರಾಲಿಯಲ್ಲಿ ತೂಗುಹಾಕಿ 20 ನಿಮಿಷಕ್ಕೆ ತೆಗೆದರೆ ಗ್ರಿಲ್ ಬೆಂದಿರುತ್ತದೆ, ನಿಮ್ಮ ಪಾರ್ಟ್ ಹಸಿ ಉಳಿದಿರುತ್ತದೆ. ಮೋಸ ಏನೆಂದರೆ ಹಸಿ ಇದ್ದರೂ ನೋಡಲು ಹೊಳೆಯುತ್ತದೆ, ಮುಟ್ಟಿದರೆ ಗಟ್ಟಿ ಇರುತ್ತದೆ. ಒಂದು ಸ್ಪ್ಯಾನರ್ ತಾಗಿದಾಗ ಗಾಜಿನ ಹಾಗೆ ಚಕ್ಕೆ ಹಾರಿದಾಗಲೇ ಗೊತ್ತಾಗುವುದು. ಇನ್‌ಫ್ರಾರೆಡ್ ಥರ್ಮಾಮೀಟರ್ ಇದ್ದರೆ ಒಯ್ಯಿರಿ, ಪಾರ್ಟ್‌ನ ದಪ್ಪ ಭಾಗಕ್ಕೆ ಹಿಡಿಯಿರಿ, ಅಲ್ಲಿ ಬಿಸಿ ಬಂದ ಮೇಲೆ ಗಡಿಯಾರ ನೋಡಲು ಹೇಳಿ. ಅಂಗಡಿಯವರಿಗೆ ಸ್ವಲ್ಪ ಕಿರಿಕಿರಿ ಆಗುತ್ತದೆ, ಟೀ ಕೊಡಿಸಿ.

ಹಾಗಂತ ಗಂಟೆಗಟ್ಟಲೆ ಬೇಯಿಸಿದರೆ ಇನ್ನೂ ಗಟ್ಟಿ ಅಂತಲ್ಲ, ಬಣ್ಣ ಕೆಡುತ್ತದೆ. ಅಲಾಯ್ ವೀಲ್‌ನಂಥ ಹೀಟ್ ಟ್ರೀಟ್‌ಮೆಂಟ್ ಆದ ಅಲ್ಯೂಮಿನಿಯಂ ಆದರೆ ಅದರ ಶಕ್ತಿಯೂ ಕುಗ್ಗಬಹುದು. ಅಂಥವನ್ನು ಪದೇ ಪದೇ ಓವನ್‌ಗೆ ಹಾಕಿಸಬೇಡಿ.

ತಗೊಳ್ಳುವ ಮುಂಚೆ

ಕೊಡುವಾಗಲೇ ಅದೇ ಥರದ ಲೋಹದ ಒಂದು ಗುಜರಿ ತುಂಡು ಜೊತೆಗೆ ಕೊಡಿ, ನಾನು ಒಡೆದ ಹಳೇ ಕವರ್ ಕೊಟ್ಟಿದ್ದೆ. ಪಾರ್ಟ್‌ಗೆ ಏನೇನು ಮಾಡುತ್ತಾರೋ ಅದಕ್ಕೂ ಮಾಡಲಿ, ಆಮೇಲೆ ಅದರ ಮೇಲೆ ನಿಮ್ಮ ಕೈ ತೋರಿಸಿ. ಹೊಸ ಬ್ಲೇಡಿನಿಂದ 2 ಮಿಲಿಮೀಟರ್ ಅಂತರದಲ್ಲಿ 6 ಗೆರೆ, ಅದಕ್ಕೆ ಅಡ್ಡ 6 ಗೆರೆ, ಲೋಹ ತಾಗುವ ತನಕ ಎಳೆಯಿರಿ. 25 ಚೌಕ ಆಗುತ್ತವೆ, ಎಲೆ ಮೇಲೆ ಕೊಯ್ದಿಟ್ಟ ಬರ್ಫಿ ಥರ. ಮೇಲೆ ಗಟ್ಟಿ ಟೇಪ್ ಒತ್ತಿ ಅಂಟಿಸಿ ಒಂದೇ ಏಟಿಗೆ ಕಿತ್ತುಬಿಡಿ. ಒಂದು ಚೌಕವೂ ಬರಬಾರದು. ಪೂರ್ತಿ ಚೌಕಗಳೇ ಎದ್ದು ಬಂದರೆ ಅದರ ಅಡಿಯಲ್ಲಿ ಜಿಡ್ಡಿದೆ, ಇಲ್ಲವೇ ಸರಿಯಾಗಿ ಬೆಂದಿಲ್ಲ.

ಬೆಂದಿದೆಯೋ ಇಲ್ಲವೋ ನೋಡಲು ಬಟ್ಟೆಗೆ ಎಂಇಕೆ (ಥಿನ್ನರ್ ಥರದ ಒಂದು ದ್ರವ) ಅಥವಾ ಅಸಿಟೋನ್ ಹಾಕಿ ಅದೇ ತುಂಡಿನ ಮೇಲೆ ಒತ್ತಿ ಹಿಂದೆ ಮುಂದೆ 50 ಸಲ ಉಜ್ಜಿ. ಹೊಳಪು ಸ್ವಲ್ಪ ಮಂಕಾದರೆ ತಲೆ ಕೆಡಿಸಿಕೊಳ್ಳಬೇಡಿ. ಬಟ್ಟೆಗೆ ಬಣ್ಣ ದಟ್ಟವಾಗಿ ಹತ್ತಿ, ಮೈ ಅಂಟಂಟಾದರೆ ವಾಪಸ್ ಓವನ್‌ಗೆ. ಅಂಗಡಿಯಲ್ಲಿ ದಪ್ಪ ಅಳೆಯುವ ಮೀಟರ್ ಇದ್ದರೆ ಕೇಳಿ ನೋಡಿ, 60-80 ಮೈಕ್ರಾನ್ ಇದ್ದರೆ ಸರಿ. ದಪ್ಪ ಜಾಸ್ತಿ ಆದಷ್ಟೂ ಬಾಳಿಕೆ ಜಾಸ್ತಿ ಅಂದುಕೊಳ್ಳಬೇಡಿ, ಬಹಳ ದಪ್ಪದ್ದು ಕಿತ್ತಳೆ ಸಿಪ್ಪೆಯ ಹಾಗೆ ಗುಳಿಗುಳಿಯಾಗಿ ಕಾಣುತ್ತದೆ, ಅಂಚಲ್ಲಿ ಬೇಗ ಒಡೆಯುತ್ತದೆ.

ಮೇಲ್ಮೈಯಲ್ಲಿ ಸೂಜಿ ಚುಚ್ಚಿದ ಹಾಗೆ ಸಣ್ಣ ತೂತುಗಳು ಕಂಡರೆ ಒಪ್ಪಿಕೊಳ್ಳಬೇಡಿ. ಅದು ಒಳಗಿನಿಂದ ಗಾಳಿ ಬಂದ ಗುರುತು, ಪ್ರತಿ ತೂತೂ ಮುಂದಿನ ಮಳೆಗಾಲದ ಗುಳ್ಳೆ.

ಮನೆಗೆ ತಂದ ಮೇಲೆ

ಪೇಂಟಿನ ಹಾಗೆ ವಾರಗಟ್ಟಲೆ ಕಾಯಬೇಕಾಗಿಲ್ಲ, ತಣ್ಣಗಾದರೆ ಜೋಡಿಸಬಹುದು. ಕೋಟಿಂಗ್ ಹೆಚ್ಚಾಗಿ ಒಡೆಯುವುದು ರಸ್ತೆಯಲ್ಲಲ್ಲ, ಜೋಡಿಸುವ ಬೆಂಚಿನ ಮೇಲೆ. ಹಳೇ ಕಂಬಳಿ ಹಾಸಿಕೊಳ್ಳಿ, ಬೇರಿಂಗ್ ಕೂರಿಸಲು ಕೇಸ್ ಬಿಸಿ ಮಾಡುವುದಾದರೆ ಬ್ಲೋ ಲ್ಯಾಂಪ್ ಬೆಂಕಿ ತೋರಿಸಬೇಡಿ, ಓವನ್‌ನಲ್ಲೋ ಹಾಟ್ ಏರ್ ಗನ್‌ನಲ್ಲೋ 100 ಡಿಗ್ರಿಗೆ ತಂದರೆ ಸಾಕು.

ಪೆಟ್ರೋಲ್, ಆಯಿಲ್ ಚೆಲ್ಲಿದರೆ ಒರೆಸಿ, ಏನೂ ಆಗುವುದಿಲ್ಲ. ಬ್ರೇಕ್ ಆಯಿಲ್ ಬಿದ್ದರೆ ಮಾತ್ರ ತಕ್ಷಣ ನೀರಲ್ಲಿ ತೊಳೆಯಿರಿ, ರಾತ್ರಿಯಿಡೀ ಬಿಟ್ಟರೆ ಮೆತ್ತಗಾಗುತ್ತದೆ. ಪೇಂಟ್ ರಿಮೂವರ್ ಹತ್ತಿರವೂ ತರಬೇಡಿ. ವಾಟರ್ ಸರ್ವಿಸ್‌ನಲ್ಲಿ ಪ್ರೆಷರ್ ಗನ್ ಹಿಡಿದ ಹುಡುಗನಿಗೆ ಎಂಜಿನ್ ಕಡೆ ದೂರದಿಂದ ಹಿಡಿ ಅಂತ ಹೇಳಿ. ಎಲ್ಲೋ ಒಂದು ಕಡೆ ಅಂಚು ಬಿಟ್ಟಿದ್ದರೆ ಆ ನೀರಿನ ಏಟಿಗೆ ಅದು ಅಂಗೈಯಗಲ ಏಳುತ್ತದೆ.

ಕಲ್ಲೇಟು ಬಿದ್ದ ಜಾಗವನ್ನು ಅದೇ ವಾರ ನೋಡಿಕೊಳ್ಳಿ. ಅಲ್ಯೂಮಿನಿಯಂ ಕೆಂಪು ತುಕ್ಕು ಹಿಡಿಯುವುದಿಲ್ಲ, ಆದರೆ ಕೋಟಿಂಗ್ ಅಡಿಯಲ್ಲಿ ಬಿಳಿ ಪುಡಿ ಏಳುತ್ತಾ ಗೆದ್ದಲು ದಾರಿ ಮಾಡಿಕೊಂಡ ಹಾಗೆ ಮುಂದೆ ಸಾಗುತ್ತದೆ. ಪೌಡರ್‌ನಲ್ಲಿ ತೇಪೆ ಹಾಕಲು ಬರುವುದಿಲ್ಲ. ಸಡಿಲವಾದ ಅಂಚನ್ನು ಬ್ಲೇಡಲ್ಲಿ ಕೆರೆದು, 400 ನಂಬರ್ ಎಮರಿ ಕಾಗದ ತಿಕ್ಕಿ, ಥಿನ್ನರ್‌ನಲ್ಲಿ ಒರೆಸಿ, ಹಾರ್ಡನರ್ ಬೆರೆಸಿದ 2ಕೆ ಪೇಂಟನ್ನು ಸಣ್ಣ ಬ್ರಷ್‌ನಲ್ಲಿ ಹಚ್ಚಿ. ಬಣ್ಣ ಸ್ವಲ್ಪ ಬೇರೆ ಕಾಣುತ್ತದೆ, ಕಾಣಲಿ ಬಿಡಿ.

ಹಳೇ ಯೆಜ್ಡಿ, ಜಾವಾದವರಿಗೆ ಕೊನೆಯದಾಗಿ ಒಂದು. ಇವುಗಳಲ್ಲಿ ಕಿಕ್ಕೂ ಗೇರೂ ಎಡಗಡೆ ಇರುವ ಒಂದೇ ಲಿವರ್, ಹಾಗಾಗಿ ಬೂಟು ದಿನಾ ಕ್ಲಚ್ ಕವರ್ ಮೇಲೆಯೇ ಉಜ್ಜುತ್ತದೆ. ಎಷ್ಟು ಒಳ್ಳೆ ಕೋಟಿಂಗ್ ಆದರೂ ಅಲ್ಲಿ ಸವೆಯುತ್ತದೆ. ನನ್ನದರಲ್ಲಿ ಈಗಾಗಲೇ ಹೆಬ್ಬೆರಳಗಲ ಅಲ್ಯೂಮಿನಿಯಂ ಕಾಣುತ್ತಿದೆ, ಆದರೆ ಅದರ ಅಂಚು ಮಾತ್ರ ಎದ್ದಿಲ್ಲ, ಉಗುರು ಹಾಕಿ ನೋಡಿದ್ದೇನೆ.